ಬನ್ನಿ ಚೌ, ಬಬೂಟಿ, ಬ್ರಾಯ್, ಎಣ್ಣೆಗಾಯಿ ಒಂದೇ ಟೇಬಲ್ಲಿಗೆ ಬಂದ್ರೆ ಯಾವ ವೈನ್ ತೆಗೀಬೇಕು?

ಓದುಗರೊಬ್ಬರ ಪ್ರಶ್ನೆ:

"ನಮಸ್ಕಾರ್ರೀ ಮೇಡಂ. ನಾ ಧಾರವಾಡದಾಂವ, ಕೇಪ್ ಟೌನಿಗೆ ಬಂದು ಎರಡು ವರ್ಷ ಆತು. ಬರೋ ಸೆಪ್ಟೆಂಬರ್ 24ಕ್ಕ ಇಲ್ಲೆ ಹೆರಿಟೇಜ್ ಡೇ ರಜಾ ಐತಿ, ನಾವಿಬ್ಬರೂ ಹಿಡದು ಹತ್ತು ಮಂದಿ ನಮ್ಮ ಮನ್ಯಾಗ ಊಟಕ್ಕ ಕೂಡೋರದೀವಿ. ಎಲ್ಲಾರೂ ತಮ್ಮ ತಮ್ಮ ಮನಿ ಅಡಗಿ ತರತೇವಿ ಅಂದಾರ. ಡರ್ಬನ್ನಿನ ದೋಸ್ತ ಮಟನ್ ಬನ್ನಿ ಚೌ (ಬ್ರೆಡ್ಡಿನ ಹೊಟ್ಟ್ಯಾಗ ಸಾರು ತುಂಬಿದ್ದು) ಮಾಡ್ತಾನ, ಅವರ ಹಿರೇರು ತೆಲುಗು ಮಂದಿ. ಬಾಜೂ ಮನಿ ಅಂಕಲ್ ಡಚ್ ಮೂಲದ ಆಫ್ರಿಕಾನರ್, ಬ್ರಾಯ್ (ಕೆಂಡದ ಮ್ಯಾಲೆ ಮಾಂಸ ಸುಡೂದು) ಅವರದು, ಬೂರವೋರ್ಸ್ ಸಾಸೇಜ್ ಮತ್ತ ಕುರಿ ಚಾಪ್ಸ್. ಮ್ಯಾಲಿನ ಮನಿ ಆಂಟಿ ಕೇಪ್ ಮಲಯ್ ಮುಸ್ಲಿಮರು, ಕೈಮಾದ ಬಬೂಟಿ ತರತಾರ, ಅವರು ಗಂಡ ಹೆಂಡತಿ ಕುಡಿಯೂದಿಲ್ಲ. ಆಫೀಸಿನ ಕೋಸಾ ಜನಾಂಗದ ಗೆಳತಿ ಸ್ಯಾಂಪ್ ಬೀನ್ಸ್, ಚಕಲಕ ಅನ್ನೂ ಖಾರದ ಪಲ್ಯಾ ತರತಾಳ. ನಮ್ಮ ಮನಿಯಾಕಿ ಪಕ್ಕಾ ಶಾಕಾಹಾರಿ, ಜ್ವಾಳದ ರೊಟ್ಟಿ ಎಣ್ಣಿಗಾಯಿ ಮಾಡ್ತಾಳ. ಕಡೀಕ ಮಾಲ್ವಾ ಪುಡಿಂಗ್. ಹೋದ ಸಲ ಇದ ದೋಸ್ತ ಬನ್ನಿ ಚೌ ತಂದಾಗ ಅಂಗಡ್ಯಾಂವ ಹೇಳಿದ್ದ ತುಟ್ಟಿ ಕ್ಯಾಬರ್ನೆ ಸೊವಿನ್ಯೋ ತಗದ್ವಿ, ಮಾಂಸ ಅಂದ್ರ ರೆಡ್ ವೈನ್ ಅಂದಿದ್ದ. ಬಾಯಿ ಬೆಂಕಿ ಆತು, ವೈನು ಬೇವಿನ ಕಷಾಯ ಆದಂಗಾತು. ಇನ್ನೂ ಆರು ಬಾಟ್ಲಿ ಮನ್ಯಾಗ ಕುಂತಾವ. ನಮ್ಮ ಮಸಾಲಿಗೆ ವೈನ್ ಹೊಂದೂದಿಲ್ಲ, ಬಿಯರ್ ಇಟ್ಟುಬಿಡು ಅಂತ ಒಬ್ಬರು, ಸ್ವೀಟ್ ವೈನ್ ಕೊಡು ಅಂತ ಇನ್ನೊಬ್ಬರು. ಎಲ್ಲಾ ಅಡಗೀಗೂ ಹೊಂದೂ ಒಂದ ವೈನ್ ಐತೇನ್ರಿ? ಆರು ಬಾಟ್ಲಿ ಏನ ಮಾಡ್ಲಿ? ಮನಿಯಾಕಿ ಒಂದು ಗ್ಲಾಸ್ ತಗೋತಾಳ, ಆದ್ರ ವೈನಿಗೆ ತತ್ತಿ, ಮೀನು ಹಾಕತಾರಂತ ಯಾರೋ ಹೆದರಿಸ್ಯಾರ, ಅದು ಖರೇ ಏನ್ರಿ?"

ಉತ್ತರ:

ನಿಮ್ಮ ಪತ್ರ ಓದಿ ಮೊದಲು ಅನ್ಸಿದ್ದು, ಎಂಥಾ ಊಟ ಇದು ಅಂತ. ದಕ್ಷಿಣ ಆಫ್ರಿಕಾದ ಅಡುಗೆ ಹೇಗೆ ಹುಟ್ಟಿತು ಅಂತ ಯಾರಾದ್ರೂ ಕೇಳಿದ್ರೆ ನಿಮ್ಮ ಟೇಬಲ್ ತೋರಿಸಿದ್ರೆ ಸಾಕು. ನಾನು ಬೆಂಗಳೂರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಸ್ಟೆಲೆನ್‌ಬಾಷ್ ಕಡೆ ಒಂದು ರೆಸ್ಟೋರೆಂಟಲ್ಲಿ ಒಂಬತ್ತು ವರ್ಷ ವೈನ್ ವಿಭಾಗ ನೋಡ್ಕೊಂಡಿದ್ದೋಳು, ಅಲ್ಲಿ ಅತಿಥಿಗಳು ಅತಿ ಹೆಚ್ಚು ಕೇಳ್ತಿದ್ದ ಪ್ರಶ್ನೆ ನಿಮ್ಮದೇ, ಖಾರದ ಜೊತೆ ಏನು ಕುಡೀಬೇಕು ಅಂತ. ನಿಮ್ಮ ನಾಲಿಗೆ ಸರಿಯಾಗೇ ಇದೆ, ಬಾಟ್ಲಿನೂ ಸರಿಯಾಗೇ ಇತ್ತು ಅನ್ಸತ್ತೆ, ಅವೆರಡನ್ನ ಸೇರಿಸಿದ ಹೊತ್ತು ಸರಿ ಇರ್ಲಿಲ್ಲ ಅಷ್ಟೆ. ಆ ಆರು ಬಾಟ್ಲಿ ವಾಪಸ್ ಕೊಡೋಕೆ ಹೋಗ್ಬೇಡಿ, ಅದಕ್ಕೂ ಅವತ್ತು ಒಂದು ಜಾಗ ಇದೆ, ಹೇಳ್ತೀನಿ.

ಮೊದಲು ಬಾಯಿಗೆ ಬೆಂಕಿ ಬಿದ್ದದ್ದು ಯಾಕೆ ಅಂತ ನೋಡೋಣ. ನಾವು ಷಡ್ರಸದಲ್ಲಿ ಖಾರಾನೂ ಒಂದು ರುಚಿ ಅಂತ ಎಣಿಸ್ತೀವಿ, ಆದ್ರೆ ಮೆಣಸಿನಕಾಯಿ ಖಾರ ಹಿಡಿಯೋದು ರುಚಿಯ ಮೊಗ್ಗುಗಳನ್ನಲ್ಲ, ಬಿಸಿ ಮತ್ತೆ ನೋವು ಗುರುತಿಸೋ ನರದ ತುದೀನ. ಅಲ್ಲೊಂದು ಗ್ರಾಹಕ ಇದೆ, ಟಿಆರ್‌ಪಿವಿ1 ಅಂತ ಕರೀತಾರೆ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದ್ರೆ ಅದು ಎಚ್ಚರ ಆಗತ್ತೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಕೂತ್ರೂ ಅದೇ ಎಚ್ಚರ, ಅದಕ್ಕೇ ಅನ್ನ ಆರಿದ್ರೂ ಸಾರು ಸುಟ್ಟಂಗೆ ಅನ್ಸೋದು. ಆಲ್ಕೋಹಾಲ್ ಬಂದು ಏನು ಮಾಡತ್ತೆ ಅಂದ್ರೆ ಆ 43 ಡಿಗ್ರಿಯ ಮಿತೀನೇ ಕೆಳಗಿಳಿಸಿಬಿಡತ್ತೆ, ಅಂದ್ರೆ ಮೈಯ ಸಾಮಾನ್ಯ ಬಿಸಿನೇ ಆ ನರಕ್ಕೆ ಸುಡೋ ಬಿಸಿ ಥರ ಕಾಣೋಕೆ ಶುರು ಆಗತ್ತೆ. ನೀವು ತೆಗೆದಿದ್ದು ಕೇಪ್ ಕ್ಯಾಬರ್ನೆ, ಲೇಬಲ್ ನೋಡಿ, ಹೆಚ್ಚಾಗಿ ಶೇ. 14 ಅಥವಾ 14.5 ಆಲ್ಕೋಹಾಲ್ ಇರತ್ತೆ. ಡರ್ಬನ್ ಮಸಾಲೆ ಮೇಲೆ ಅದನ್ನ ಹಾಕೋದು ಉರಿಯೋ ಬೆಂಕಿಗೆ ತುಪ್ಪ ಸುರಿದಂಗೇನೆ.

ಇನ್ನು ಕಹಿ ಯಾಕಾಯ್ತು. ಇದಕ್ಕೆ ನಮ್ಮಲ್ಲಿ ಒಂದು ಅದ್ಭುತ ಪದ ಇದೆ, ಒಗರು. ನೇರಳೆ ಹಣ್ಣು ತಿಂದಾಗ, ಬಾಳೆಕಾಯಿ ಹಸಿದು ಕಚ್ಚಿದಾಗ ನಾಲಿಗೆ ಎಳ್ಕೊಂಡಂಗಾಗತ್ತಲ್ಲ, ವೈನಿನವರು ಟ್ಯಾನಿನ್ ಅನ್ನೋದು ಅದನ್ನೇ. ದ್ರಾಕ್ಷಿ ಸಿಪ್ಪೆ, ಬೀಜ, ಓಕ್ ಮರದ ಪೀಪಾಯಿ, ಈ ಮೂರರಿಂದ ಅದು ಬರತ್ತೆ. ಎಂಜಲಲ್ಲಿರೋ ಪ್ರೋಟೀನನ್ನ ಹಿಡ್ಕೊಂಡು ಬಾಯಿ ಒಣಗಿಸತ್ತೆ. ಖಾರದಿಂದ ಆಗಲೇ ಕೆರಳಿದ ಬಾಯಿಗೆ ಆ ಒಣಗು ಬಿದ್ರೆ ಉರಿನೂ ಒಗರೂ ಒಂದನ್ನೊಂದು ಎತ್ತಿಕಟ್ತವೆ. ಇದರ ಮೇಲೆ ಮೂರನೇದೂ ಒಂದಿದೆ, ಜನ ಅದನ್ನ ಮರೆತುಬಿಡ್ತಾರೆ, ಊಟದಲ್ಲಿರೋ ಸಿಹಿ. ಊಟ ಸಿಹಿ ಇದ್ದಷ್ಟೂ ಸಿಹಿ ಇಲ್ಲದ ವೈನು ಹುಳಿಯಾಗಿ, ಗಡುಸಾಗಿ, ಕಹಿಯಾಗಿ ಕಾಣತ್ತೆ. ನಂಬಿಕೆ ಬರ್ದಿದ್ರೆ ಇವತ್ತೇ ಮಾಡಿ ನೋಡಿ: ಒಂದು ಗುಟುಕು ಕ್ಯಾಬರ್ನೆ ಕುಡೀರಿ, ಆಮೇಲೆ ಅರ್ಧ ಚಮಚ ಏಪ್ರಿಕಾಟ್ ಚಟ್ನಿ ನೆಕ್ಕಿ ಮತ್ತೆ ಅದೇ ಗ್ಲಾಸಿಂದ ಇನ್ನೊಂದು ಗುಟುಕು, ಬೇರೆ ಬಾಟ್ಲಿ ಏನೋ ಅನ್ನಿಸ್ಬಿಡತ್ತೆ. ಆಮೇಲೆ ಬೆರಳ ತುದೀಲಿ ಚೂರು ಉಪ್ಪು, ಎರಡು ಹನಿ ನಿಂಬೆ ರಸ ನೆಕ್ಕಿ ಮೂರನೇ ಗುಟುಕು ಕುಡೀರಿ, ವೈನು ಮೆತ್ತಗಾಗಿರತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರಿಗೆ ನಾನು ಮೊದಲ ದಿನ ಕಲಿಸ್ತಿದ್ದ ಪಾಠ ಇದೇ. ಉಪ್ಪು ಹುಳಿ ವೈನಿಗೆ ಸ್ನೇಹಿತರು, ಸಿಹಿ ಖಾರ ಹುಷಾರಾಗಿ ನೋಡ್ಕೋಬೇಕಾದೋರು.

ಈಗ ನಿಮ್ಮ ಟೇಬಲ್ ನೋಡಿ. ಮಾಂಸ, ಬೇಳೆ, ತರಕಾರಿ ಎಲ್ಲಾ ಬೇರೆ ಬೇರೆ, ಆದ್ರೆ ಬಹಳಷ್ಟು ಪಾತ್ರೆಗಳಲ್ಲಿ ಒಂದೇ ಎಳೆ ಓಡ್ತಿದೆ, ಖಾರದ ಬೆನ್ನಿಗೆ ಸಿಹಿ ಹುಳಿ. ಬಬೂಟೀಲಿ ಒಣದ್ರಾಕ್ಷಿ, ಏಪ್ರಿಕಾಟು, ಪಕ್ಕದಲ್ಲಿ ಬ್ಲಾಟ್ಯಾಂಗ್ ಚಟ್ನಿ, ಚಕಲಕದಲ್ಲಿ ಟೊಮೇಟೊ ಕ್ಯಾರೆಟ್ಟು, ಎಣ್ಣೆಗಾಯೀಲಿ ಹುಣಸೆ ಬೆಲ್ಲ. ಇದು ಆಕಸ್ಮಿಕ ಅಲ್ಲ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹಡಗುಗಳಿಗೆ ಊಟ ನೀರು ಸಿಗ್ಲಿ ಅಂತ ಕೇಪಿನಲ್ಲಿ ಠಾಣೆ ಹಾಕ್ತು, ಅಲ್ಲಿನ ಮುಖ್ಯಸ್ಥ ಯಾನ್ ವಾನ್ ರೀಬೀಕ್ ದ್ರಾಕ್ಷಿ ನೆಡಿಸಿ 1659 ಫೆಬ್ರವರಿ 2ಕ್ಕೆ ಕೇಪಿನ ಮೊದಲ ವೈನ್ ಹಿಂಡಿಸಿದ ಅಂತ ಅವನ ದಿನಚರೀಲೇ ಇದೆ. ಅದೇ ಕಂಪನಿ ಇಂಡೋನೇಷ್ಯಾದ ದ್ವೀಪಗಳಿಂದ, ಬಂಗಾಳ, ಕೋರಮಂಡಲ, ಮಲಬಾರ್ ಕರಾವಳಿಯಿಂದ, ಮಡಗಾಸ್ಕರಿಂದ ಜನರನ್ನ ಗುಲಾಮರಾಗಿ ಹಿಡ್ಕೊಂಡು ಬಂತು. ಮೇಲಿನ ಮನೆ ಆಂಟಿಯ ಬಬೂಟಿ ಆ ಜನರ ಕೈಯಿಂದ ಬಂದಿದ್ದು. ದ್ರಾಕ್ಷಿ ತೋಟದ ಕೆಲಸ ಮಾಡಿದ್ದೂ ಅವರೇ, ಡಚ್ಚರ ಅಡುಗೆಮನೇಲಿ ಒಲೆ ಮುಂದೆ ನಿಂತಿದ್ದೂ ಅವರೇ. ಆಮೇಲೆ 1860 ನವೆಂಬರ್ 16ಕ್ಕೆ ಮದ್ರಾಸಿಂದ ಹೊರಟ ಟ್ರೂರೋ ಹಡಗು ಡರ್ಬನ್ ಮುಟ್ಟಿತು, ಕಬ್ಬಿನ ಗದ್ದೆಗೆ ಕರಾರಿನ ಕೂಲಿಗಳನ್ನ ಹೊತ್ತು ತಂದ ಮೊದಲ ಹಡಗು ಅದು, ತಮಿಳು ತೆಲುಗು ಮಾತಾಡೋ ಜನ ಹೆಚ್ಚು. ನಿಮ್ಮ ದೋಸ್ತನ ಹಿರಿಯರು ಅಂಥದ್ದೇ ಯಾವುದೋ ಹಡಗಲ್ಲಿ ಬಂದಿರ್ಬೇಕು.

ಇಷ್ಟು ಹೇಳಿದ್ದು ಯಾಕಂದ್ರೆ, ಮಸಾಲೆಗೆ ವೈನ್ ಹೊಂದಲ್ಲ ಅನ್ನೋ ಮಾತು ಎಲ್ಲಿಂದ ಬಂತು ಅಂತ ಇಲ್ಲಿ ಗೊತ್ತಾಗತ್ತೆ. ಯಾವ ವೈನಿಗೆ ಯಾವ ಊಟ ಅಂತ ನಿಯಮ ಬರೆದೋರು ಯುರೋಪಿನ ಬೆಣ್ಣೆ, ಕೆನೆ, ಹುರಿದ ಮಾಂಸದ ಮುಂದೆ ಕೂತು ಬರೆದೋರು. ದಕ್ಷಿಣ ಆಫ್ರಿಕಾದಲ್ಲಂತೂ ಮಸಾಲೆ ಒಂದು ಟೇಬಲ್ಲು, ವೈನ್ ಇನ್ನೊಂದು ಟೇಬಲ್ಲು ಆಗೇ ಉಳೀತು, ಕಪ್ಪು ಜನರಿಗೆ ಅಂಗಡಿಯಿಂದ ಬಾಟ್ಲಿ ಮದ್ಯ ಕೊಳ್ಳೋ ಹಕ್ಕು ಸಿಕ್ಕಿದ್ದೇ 1962ರಲ್ಲಿ. ಒಂದೇ ಬೆಟ್ಟದ ಬುಡದಲ್ಲಿ ಮುನ್ನೂರು ವರ್ಷ ಇದ್ದ ಅಡುಗೇನೂ ವೈನೂ ಒಟ್ಟಿಗೆ ಕೂತಿರೋದು ಇತ್ತೀಚೆಗೆ. ಹಾಗಾಗಿ ಹೊಂದಲ್ಲ ಅನ್ನೋದಕ್ಕಿಂತ ಯಾರೂ ಸರಿಯಾಗಿ ಕೂಡಿಸಿ ನೋಡಿರ್ಲಿಲ್ಲ ಅನ್ನೋದೇ ನಿಜ.

ಬಿಯರ್ ಬಗ್ಗೆನೂ ಹೇಳ್ಬಿಡ್ತೀನಿ. ತಣ್ಣಗಿರತ್ತೆ, ಆಲ್ಕೋಹಾಲ್ ಕಮ್ಮಿ, ಅದು ನಿಜ, ಅದಕ್ಕೇ ಮೊದಲ ಗುಟುಕು ಹಿತ. ಆದ್ರೆ ಗುಳ್ಳೆ ಇದೆಯಲ್ಲ, ಕೆರಳಿದ ನಾಲಿಗೆಗೆ ಅದು ಸೂಜಿ ಚುಚ್ಚಿದಂಗೆ, ಕಹಿ ಜಾಸ್ತಿ ಇರೋ ಬಿಯರ್ ಆದ್ರಂತೂ ಖಾರ ಇನ್ನೂ ಏರತ್ತೆ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಹಾಗಾಗಿ ಖಾರ ಇಳಿಸೋಕೆ ನಿಜವಾಗಿ ಕೆಲಸ ಮಾಡೋದು ಮೊಸರು, ಮಜ್ಜಿಗೆ, ಹಾಲು. ಟೇಬಲ್ ಮೇಲೆ ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು ಇಟ್ಬಿಡಿ, ರೊಟ್ಟಿಗೂ ಆಯ್ತು. ಅಲ್ಲಿ ಅಂಗಡೀಲಿ ಸಿಗೋ ಆಮಾಸಿನೂ ಹುಳಿ ಹಾಲೇ, ನಿಮ್ಮ ಕೋಸಾ ಗೆಳತಿಗೆ ಅದು ಮನೆ ರುಚಿ.

ಹಾಗಾದ್ರೆ ಎಲ್ಲಕ್ಕೂ ಒಂದೇ ವೈನ್ ಇದೆಯಾ. ಒಂದೇ ಬಾಟ್ಲಿ ಆರಿಸು ಅಂದ್ರೆ ನಾನು ಕಣ್ಣು ಮುಚ್ಕೊಂಡು ಹೇಳೋದು ಶೆನಿನ್ ಬ್ಲಾಂ ಅನ್ನೋ ಬಿಳಿ ದ್ರಾಕ್ಷಿಯ ವೈನು, ಅದರಲ್ಲೂ ಚೂರೇ ಚೂರು ಸಿಹಿ ಉಳಿಸಿರೋದು. ಫ್ರಾನ್ಸಿನ ಲ್ವಾರ್ ಕಣಿವೆ ಇದರ ತವರು, ಆದ್ರೆ ಇವತ್ತು ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಶೆನಿನ್ ಬೆಳೆಯೋದು ದಕ್ಷಿಣ ಆಫ್ರಿಕಾನೇ, ಅಲ್ಲಿಯ ಹಳೇ ರೈತರು ಇನ್ನೂ ಸ್ಟೀನ್ ಅಂತಾರೆ. ಬಹಳ ಕಾಲ ಇದನ್ನ ಬ್ರಾಂಡಿ ಇಳಿಸೋಕೆ, ಅಗ್ಗದ ವೈನ್ ಮಾಡೋಕೆ ಮಾತ್ರ ಬಳಸ್ತಿದ್ರು. ಆ ಹಳೇ ಗಿಡಗಳನ್ನ ಕಿತ್ತು ಹಾಕೋದು ನಿಲ್ಲಿಸಬೇಕು ಅಂತ ರೋಸಾ ಕ್ರೂಗರ್ ಅನ್ನೋ ಮಹಿಳೆ ತೋಟ ತೋಟ ಅಲೆದು ಪಟ್ಟಿ ಮಾಡಿದ್ರು, ಅದರಿಂದ 2016ರಲ್ಲಿ ಓಲ್ಡ್ ವೈನ್ ಪ್ರಾಜೆಕ್ಟ್ (ಇಲ್ಲಿ ವೈನ್ ಅಂದ್ರೆ ದ್ರಾಕ್ಷಿ ಬಳ್ಳಿ) ಶುರು ಆಯ್ತು. 35 ವರ್ಷ ದಾಟಿದ ತೋಟದ ಬಾಟ್ಲಿಗೆ ಗಿಡ ನೆಟ್ಟ ವರ್ಷ ಬರೆದ ಒಂದು ಮುದ್ರೆ ಹಾಕ್ತಾರೆ. ಅಂಥ ಬಾಟ್ಲಿ ಕೈಗೆ ಸಿಕ್ಕಾಗ ನಾನು ಮೊದಲು ನೋಡೋದು ಆ ವರ್ಷಾನೇ, ನಾನು ಹುಟ್ಟೋಕೆ ಮುಂಚಿನ ಗಿಡ ಇನ್ನೂ ಕಾಯಿ ಬಿಡ್ತಿದೆ ಅಂತ ನೋಡಿದ್ರೆ ಮನಸ್ಸು ತುಂಬತ್ತೆ.

ಶೆನಿನ್ ಯಾಕೆ ಹೊಂದತ್ತೆ ಅಂದ್ರೆ, ಹುಳಿ ಚೆನ್ನಾಗಿರತ್ತೆ, ಒಗರು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಸೀಬೆ, ಏಪ್ರಿಕಾಟು, ಜೇನಿನ ಪರಿಮಳ, ಅಂದ್ರೆ ನಿಮ್ಮ ಟೇಬಲ್ಲಿನ ಚಟ್ನಿಗಳಲ್ಲಿ ಏನಿದೆಯೋ ಅದೇ. ಲೇಬಲ್ ಮೇಲೆ ಆಫ್ ಡ್ರೈ ಅಥವಾ ಸೆಮಿ ಸ್ವೀಟ್ ಅಂತ ಇರೋದನ್ನ ಹುಡುಕಿ, ಲೀಟರಿಗೆ 10ರಿಂದ 20 ಗ್ರಾಂ ಸಕ್ಕರೆ ಉಳಿದಿದ್ರೆ ಸಾಕು, ಆಲ್ಕೋಹಾಲ್ ಶೇ. 12ರ ಆಸುಪಾಸು.

ಒಂದು ಘಟನೆ ಹೇಳ್ತೀನಿ. ನಮ್ಮ ರೆಸ್ಟೋರೆಂಟಲ್ಲಿ ಸಂಜೆ ನಾಲ್ಕಕ್ಕೆ ಸಿಬ್ಬಂದಿ ಊಟ, ಡರ್ಬನ್ ಕಡೆಯ ಒಬ್ಬ ಅಡುಗೆಯವರು ರಜೆ ಮುಗಿಸಿ ಬರೋವಾಗ ಊರಿಂದ ಮಸಾಲೆ ತಂದು ಮಟನ್ ಮಾಡಿದ್ರು, ಕೆಂಪಗೆ ಎಣ್ಣೆ ತೇಲ್ತಿತ್ತು, ಕರಿಬೇವು, ಆಲೂಗಡ್ಡೆ, ಚಕ್ಕೆ, ಆ ವಾಸನೆಗೆ ನಾನು ಕ್ಷಣ ಊರಲ್ಲೇ ಇದ್ದೆ. ಬಿಳಿ ಬ್ರೆಡ್ಡಿನ ಕಾಲು ಭಾಗ ಕತ್ತರಿಸಿ ತಿರುಳು ಕೆತ್ತಿ ತೆಗೆದು ಒಳಗೆ ಸಾರು ತುಂಬಿ ಆ ತಿರುಳನ್ನೇ ಮೇಲೆ ಮುಚ್ಚಿದ್ರು, ಪಕ್ಕಕ್ಕೆ ಕ್ಯಾರೆಟ್ ಈರುಳ್ಳಿ ಹಸಿಮೆಣಸಿನ ಸ್ಯಾಂಬಲ್. ನಾನು ಐದು ಗ್ಲಾಸು ಸಾಲಾಗಿ ಇಟ್ಟೆ: ಕ್ಯಾಬರ್ನೆ, ಓಕ್ ಪೀಪಾಯೀಲಿ ಇಟ್ಟ ಶೆನಿನ್, ಪೂರ್ತಿ ಡ್ರೈ (ಅಂದ್ರೆ ಸಿಹಿ ಇಲ್ಲದ) ಶೆನಿನ್, ಸೆಮಿ ಸ್ವೀಟ್ ಶೆನಿನ್, ತಣ್ಣಗೆ ಮಾಡಿದ ಸ್ಯಾನ್ಸೋ ಅನ್ನೋ ತಿಳಿ ರೆಡ್. ಎಲ್ಲರೂ ಕೈಯಲ್ಲಿ ಬ್ರೆಡ್ಡು ಮುರಿದು ಅದ್ದಿ ತಿಂತಾ ಒಂದೊಂದೇ ಗುಟುಕು ನೋಡಿದ್ರು. ಕ್ಯಾಬರ್ನೆ ಗ್ಲಾಸ್ ತುಂಬಿದ್ದು ತುಂಬಿದಂಗೇ ಉಳೀತು. ಓಕಿನ ಶೆನಿನ್ ಬರೀ ಕುಡಿದ್ರೆ ಅಷ್ಟು ಚೆಂದ, ಮಸಾಲೆ ಜೊತೆ ಸುಟ್ಟ ಹಲಗೆ ಥರ ಕಹಿ ಬಂತು. ಮೊದಲು ಖಾಲಿ ಆಗಿದ್ದು ಐದರಲ್ಲಿ ಅತಿ ಅಗ್ಗದ್ದು, ಸೆಮಿ ಸ್ವೀಟು, ಅದರ ಹಿಂದೆ ಸ್ಯಾನ್ಸೋ. ಅವತ್ತಿಂದ ನಮ್ಮ ಮೆನುವಲ್ಲಿ ಖಾರದ ಊಟದ ಪಕ್ಕ ಬೆಲೆ ನೋಡದೆ ಸೆಮಿ ಸ್ವೀಟ್ ಬರೆಯೋಕೆ ಶುರು ಮಾಡಿದೆ.

ಆದ್ರೆ ಸ್ವೀಟ್ ವೈನ್ ಕೊಡು ಅಂದವರ ಮಾತನ್ನ ಪೂರ್ತಿ ತಗೋಬೇಡಿ. ಪೂರ್ತಿ ಸಿಹಿ ವೈನ್ ಇಡೀ ಊಟಕ್ಕೆ ಹಾಕಿದ್ರೆ ಮೂರನೇ ಗುಟುಕಿಗೆ ಬಾಯಿ ಕಟ್ಟತ್ತೆ, ಹೊಟ್ಟೆ ತುಂಬಿದಂಗಾಗತ್ತೆ. ಇನ್ನೊಂದು ಅಪಾಯ, ಸಿಹಿ ಇದ್ದು ತಣ್ಣಗಿದ್ರೆ ಜ್ಯೂಸ್ ಥರ ಇಳೀತಾ ಹೋಗತ್ತೆ, ಎಷ್ಟು ಕುಡಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಗ್ಲಾಸಿಗೆ ಸ್ವಲ್ಪ ಸ್ವಲ್ಪನೇ ಹಾಕಿ.

ಬಬೂಟಿ ವಿಷಯಕ್ಕೆ ಬರೋಣ, ಅದರ ಮೇಲೆ ನನಗೆ ವಿಶೇಷ ಪ್ರೀತಿ. ಕೈಮಾಗೆ ಕರಿ ಪೌಡರು, ಅರಿಶಿನ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಒಣದ್ರಾಕ್ಷಿ ಹಾಕಿ ಮೇಲೆ ಮೊಟ್ಟೆ ಹಾಲು ಸುರಿದು ಎಲೆ ಚುಚ್ಚಿ ಓವನ್ನಲ್ಲಿ ಇಡ್ತಾರೆ, ಹಳದಿ ಅನ್ನದ ಜೊತೆ ಬರತ್ತೆ. ಖಾರ ಮೆಲ್ಲಗೆ, ಪರಿಮಳ ಜಾಸ್ತಿ, ಮೇಲಿನ ಮೊಟ್ಟೆ ಪದರ ಮೆತ್ತಗೆ. ಇಲ್ಲಿ ಓಕ್ ಪೀಪಾಯಿಯ ಶೆನಿನ್ ತನ್ನ ಬೆಲೆ ತೋರಿಸತ್ತೆ, ಆ ಕೆನೆ ಗುಣ ಮೊಟ್ಟೆ ಹಾಲಿನ ಜೊತೆ ಕೂಡತ್ತೆ. ಡರ್ಬನ್ ಮಟನ್ ಜೊತೆ ಸೋತ ಅದೇ ಬಾಟ್ಲಿ ಬಬೂಟಿ ಜೊತೆ ಗೆಲ್ಲತ್ತೆ, ಎರಡಕ್ಕೂ ಜನ ಕರಿ ಅಂತಾನೇ ಹೆಸರಿಡ್ತಾರೆ, ಅದಕ್ಕೇ ಕರಿಗೆ ಯಾವ ವೈನ್ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಿಮ್ಮ ಬಜೆಟ್ಟಿಗೆ ಎರಡು ಥರ ಶೆನಿನ್ ಹೆಚ್ಚಾಗತ್ತೆ ಅಂದ್ರೆ ಆಫ್ ಡ್ರೈನೇ ಇಲ್ಲೂ ನಡಿಯತ್ತೆ, ತೊಂದರೆ ಇಲ್ಲ.

ಎಣ್ಣೆಗಾಯಿಗೆ ರೆಡ್ ತಪ್ಪಿಸಿ. ಬದನೆಕಾಯಲ್ಲೇ ಸಣ್ಣ ಕಹಿ ಇದೆ, ಗುರೆಳ್ಳಲ್ಲೂ ಇದೆ, ಅದಕ್ಕೆ ಟ್ಯಾನಿನ್ ಸೇರಿದ್ರೆ ಕಹಿ ಮೇಲೆ ಕಹಿ. ಶೇಂಗಾ ಎಣ್ಣೆಯ ಜಿಡ್ಡು ಕತ್ತರಿಸೋಕೆ ಹುಳಿ ಬೇಕು, ಹುಣಸೆ ಬೆಲ್ಲದ ಮುಂದೆ ಸಪ್ಪೆ ಆಗದೇ ಇರೋಕೆ ಚೂರು ಸಿಹಿ ಬೇಕು, ಅಂದ್ರೆ ಮತ್ತೆ ಆಫ್ ಡ್ರೈ ಶೆನಿನ್ನೇ. ಮನೆಯವರು ಒಂದೇ ಗ್ಲಾಸ್ ತಗೋತಾರೆ ಅಂದ್ರಲ್ಲ, ಅದು ಇದಾಗಿರ್ಲಿ. ಸ್ಯಾಂಪ್ ಅಂದ್ರೆ ಮೆಕ್ಕೆಜೋಳದ ನುಚ್ಚೇ ಅಲ್ವಾ, ಬೀನ್ಸ್ ಜೊತೆ ಬೆಂದು ಮೆತ್ತಗಿರತ್ತೆ, ಅದು ಯಾವುದರ ಜೊತೆನೂ ಜಗಳ ಆಡಲ್ಲ. ಚಕಲಕಕ್ಕೆ ಸ್ಯಾನ್ಸೋ.

ಈ ಸ್ಯಾನ್ಸೋ ಬಗ್ಗೆ ಎರಡು ಮಾತು ಜಾಸ್ತಿ. ರೆಡ್ ಇಲ್ಲದೆ ಆಗಲ್ಲ ಅನ್ನೋ ಅತಿಥಿಗೆ ಖಾರದ ಊಟದ ಜೊತೆ ಕೊಡೋಕೆ ಇದಕ್ಕಿಂತ ಒಳ್ಳೇದು ಕೇಪಿನಲ್ಲಿ ಇಲ್ಲ. ಬಣ್ಣ ತಿಳಿ, ಒಗರು ಕಮ್ಮಿ, ಕೆಂಪು ಹಣ್ಣಿನ ರುಚಿ. ಫ್ರಿಜ್ಜಲ್ಲಿ ಅರ್ಧ ಮುಕ್ಕಾಲು ಗಂಟೆ ಇಟ್ಟು 13, 14 ಡಿಗ್ರಿಗೆ ತನ್ನಿ, ರೆಡ್ ವೈನ್ ತಣ್ಣಗೆ ಮಾಡ್ಬಾರ್ದು ಅನ್ನೋದು ಇನ್ನೊಂದು ತಪ್ಪು ನಂಬಿಕೆ. ಹಳೇ ಕಾಲದಲ್ಲಿ ಕೇಪಿನವರು ಇದನ್ನ ಹರ್ಮಿಟಾಜ್ ಅಂತಿದ್ರು. 1925ರಲ್ಲಿ ಸ್ಟೆಲೆನ್‌ಬಾಷಿನ ಪ್ರೊಫೆಸರ್ ಅಬ್ರಹಾಂ ಪೆರೋಲ್ಡ್ ಇದನ್ನ ಪಿನೋ ನ್ವಾರ್ ಜೊತೆ ಕೂಡಿಸಿ ಹುಟ್ಟಿಸಿದ್ದೇ ಪಿನೊಟಾಜ್, ಎರಡೂ ಹೆಸರು ಸೇರಿ ಆ ಹೆಸರು. ಬಾಜೂ ಮನೆ ಅಂಕಲ್ ಖಂಡಿತ ಅದನ್ನ ತರ್ತಾರೆ ನೋಡಿ. ಪಿನೊಟಾಜಿಗೆ ಪೇಂಟ್ ವಾಸನೆ ಬರತ್ತೆ ಅಂತ ಹಳೇ ದೂರು ಒಂದಿದೆ, ಅದು ದ್ರಾಕ್ಷಿಯ ಹಣೆಬರಹ ಏನಲ್ಲ, ಬಹುಪಾಲು ಹುದುಗು ಬರೋವಾಗ ಬಿಸಿ ಹದ ತಪ್ಪಿದ್ರೆ ಬರೋ ದೋಷ, ಈಗ ಹದ ಹಿಡಿದು ಮಾಡೋ ತೋಟಗಳಲ್ಲಿ ಆ ಸಮಸ್ಯೆ ಕಾಣೋದು ಅಪರೂಪ. ಹೊಗೆ, ಸಿಹಿ ಸಾಸ್ ಸವರಿದ ಮಾಂಸಕ್ಕೆ ಅದು ಚೆನ್ನಾಗೇ ಹೊಂದತ್ತೆ.

ಈಗ ನಿಮ್ಮ ಆರು ಬಾಟ್ಲಿ. ಅವುಗಳ ಹೊತ್ತು ಬ್ರಾಯ್ ಹೊತ್ತು, ಮಸಾಲೆ ಟೇಬಲ್ಲಿಗೆ ಬರೋಕೆ ಮುಂಚೆ. ಬ್ರಾಯ್ ಅಂದ್ರೆ ಗೊತ್ತಲ್ಲ, ಕಟ್ಟಿಗೆ ಉರಿದು ಕೆಂಡ ಆಗೋವರೆಗೆ ಗಂಟೆಗಟ್ಟಲೆ ಎಲ್ಲರೂ ಸುತ್ತ ನಿಂತು ಮಾತಾಡೋದು, ಊಟಕ್ಕಿಂತ ಅದೇ ಮುಖ್ಯ. ಬೂರವೋರ್ಸಿನ ಮುಖ್ಯ ಮಸಾಲೆ ಕೊತ್ತಂಬರಿ ಬೀಜ, ಖಾರ ಇರಲ್ಲ, ಶೇ. 30ರವರೆಗೂ ಕೊಬ್ಬು ಇರಬಹುದು ಅಂತ ಅಲ್ಲಿನ ಕಾನೂನೇ ಇದೆ. ಕುರಿ ಚಾಪ್ಸಿಗೆ ಉಪ್ಪು, ನಿಂಬೆ. ಕೊಬ್ಬು, ಉಪ್ಪು ಈ ಎರಡೂ ಟ್ಯಾನಿನ್ನನ್ನ ಪಳಗಿಸ್ತವೆ, ಆಗ ಅದೇ ಕ್ಯಾಬರ್ನೆ ಕುಡಿದು ನೋಡಿ, ಅಂಗಡಿಯವರು ಸುಳ್ಳು ಹೇಳಿರ್ಲಿಲ್ಲ ಅಂತ ಗೊತ್ತಾಗತ್ತೆ, ಅವರು ಅಡುಗೆ ಹೇಗೆ ಅಂತ ಕೇಳಿರ್ಲಿಲ್ಲ ಅಷ್ಟೆ. ಕೆಂಡದ ಪಕ್ಕ ಬಾಟ್ಲಿ ಇಡಬೇಡಿ, ಬೆಚ್ಚಗಾದ್ರೆ ಆಲ್ಕೋಹಾಲೇ ಮೂಗಿಗೆ ಹೊಡಿಯತ್ತೆ, 16, 17 ಡಿಗ್ರಿ ದಾಟದಿರ್ಲಿ. ಬ್ರಾಯ್ ಮುಗಿದು ಒಳಗೆ ಟೇಬಲ್ಲಿಗೆ ಬರೋವಾಗ ಗ್ಲಾಸ್ ಬದಲಾಯಿಸಿ ಶೆನಿನ್ ತೆಗೀರಿ.

ಲೆಕ್ಕ ಸುಲಭ. 750 ಮಿ.ಲೀ. ಬಾಟ್ಲೀಲಿ 150 ಮಿ.ಲೀ.ನ ಐದು ಗ್ಲಾಸು. ನಿಮ್ಮಲ್ಲಿ ಕುಡಿಯೋರು ಎಂಟು ಜನ, ಮನೆಯವರಿಗೆ ಒಂದು, ಉಳಿದ ಏಳು ಜನಕ್ಕೆ ಮೂರು ಮೂರು ಅಂದ್ರೂ 22 ಗ್ಲಾಸು. ಕ್ಯಾಬರ್ನೆ ಎರಡು, ಆಫ್ ಡ್ರೈ ಶೆನಿನ್ ಎರಡು, ಸ್ಯಾನ್ಸೋ ಒಂದು, ಐದು ಬಾಟ್ಲಿ ಧಾರಾಳ ಆಯ್ತು. ಉಳಿದ ನಾಲ್ಕು ಕ್ಯಾಬರ್ನೆ ಕತ್ತಲೆ ಇರೋ ತಂಪು ಕಪಾಟಲ್ಲಿ ಮಲಗಿಸಿಡಿ, ಒಳ್ಳೇ ತೋಟದ್ದಾದ್ರೆ ಎರಡು ಮೂರು ವರ್ಷದಲ್ಲಿ ಒಗರು ಇನ್ನೂ ಮೆತ್ತಗಾಗತ್ತೆ. ಮೂರು ಗ್ಲಾಸು ಕುಡಿದೋರು ಯಾರೂ ಸ್ಟಿಯರಿಂಗ್ ಮುಟ್ಟಬಾರ್ದು, ಅಲ್ಲಿನ ಮಿತಿ 100 ಮಿ.ಲೀ. ರಕ್ತಕ್ಕೆ 0.05 ಗ್ರಾಂ, ಎರಡೇ ಗ್ಲಾಸಿಗೆ ದಾಟಿಬಿಡಬಹುದು, ಕರೆಯೋವಾಗಲೇ ಟ್ಯಾಕ್ಸೀಲಿ ಬನ್ನಿ ಅಂತ ಹೇಳಿಬಿಡಿ.

ಮೊಟ್ಟೆ ಮೀನಿನ ವಿಷಯ ಖರೇನೇ, ಆದ್ರೆ ಪೂರ್ತಿ ಅಲ್ಲ. ಹೊಸ ವೈನ್ ಕಲಕಲಾಗಿರತ್ತೆ, ಒಗರೂ ಜಾಸ್ತಿ ಇರಬಹುದು. ನಮ್ಮ ಕಡೆ ಕೆಸರು ನೀರಿಗೆ ಪಟಿಕ ಆಡಿಸಿ ತಿಳಿ ಮಾಡ್ತಾರಲ್ಲ, ಅದೇ ಥರ ಇದಕ್ಕೂ ಏನಾದ್ರೂ ಹಾಕಿ ಗಸಿ ಕೂರಿಸ್ತಾರೆ. ರೆಡ್ಡಿಗೆ ಹಿಂದಿನಿಂದ ಮೊಟ್ಟೆಯ ಬಿಳಿ, ವೈಟಿಗೆ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸು, ಕೆಲವು ಕಡೆ ಜೆಲಾಟಿನ್ನು, ಹಾಲಿನ ಕೇಸಿನ್ನು. ಗಸಿ ಜೊತೆ ಅದು ಕೆಳಗಿಳಿದು ಹೋಗತ್ತೆ, ಬಾಟ್ಲೀಲಿ ಉಳಿದ್ರೂ ಲೇಶ. ಆದ್ರೆ ಲೇಶ ತಾನೇ ಅಂತ ನಾನು ಹೇಳೋ ಹಾಗಿಲ್ಲ, ಅದು ಮನೆಯವರ ನಿರ್ಧಾರ. ಬೆಂಟೊನೈಟ್ ಅನ್ನೋ ಜೇಡಿಮಣ್ಣಿಂದ ತಿಳಿ ಮಾಡೋರು ಬಹಳ ಜನ ಇದ್ದಾರೆ, ಏನೂ ಹಾಕದೆ ತಾನಾಗೇ ಕೂರೋಕೆ ಬಿಡೋರೂ ಇದ್ದಾರೆ. ಬಾಟ್ಲಿ ಹಿಂದೆ ವೀಗನ್ ಅಂತ ಬರೆದಿದ್ರೆ ನಿಶ್ಚಿಂತೆ, ಬರೆದಿಲ್ಲ ಅಂದ್ರೆ ತೋಟಕ್ಕೆ ಒಂದು ಮೇಲ್ ಹಾಕಿದ್ರೆ ಹೇಳ್ತಾರೆ.

ಲೇಬಲ್ ನೋಡ್ತೀರಿ ಅಂದ್ರೆ ಇನ್ನೊಂದು ಮುದ್ರೆನೂ ನೋಡಿ. ಕೇಪಿನ ತೋಟಗಳಲ್ಲಿ ಡಾಪ್ ಅಂತ ಒಂದು ಪದ್ಧತಿ ಇತ್ತು, ಕೂಲಿಯ ಒಂದು ಭಾಗವನ್ನ ದುಡ್ಡಿನ ಬದಲು ವೈನ್ ಕೊಟ್ಟು ತೀರಿಸೋದು. ಕಾನೂನು ಅದನ್ನ ನಿಷೇಧಿಸಿದ ಮೇಲೂ ಅದು ಬಿಟ್ಟ ಗಾಯ ಆ ಹಳ್ಳಿಗಳಲ್ಲಿ ಇನ್ನೂ ಇದೆ, ತಾಯಿ ಕುಡಿತದಿಂದ ಹೊಟ್ಟೆಯಲ್ಲಿರೋವಾಗಲೇ ಪೆಟ್ಟು ತಿಂದು ಹುಟ್ಟೋ ಮಕ್ಕಳನ್ನ ನಾನೇ ನೋಡಿದ್ದೀನಿ. ವೀಟಾ ಮುದ್ರೆ ಅಥವಾ ಫೇರ್‌ಟ್ರೇಡ್ ಇರೋ ಬಾಟ್ಲಿ ಅಂದ್ರೆ ಕೆಲಸದವರ ಪರಿಸ್ಥಿತಿ ಯಾರೋ ಬಂದು ನೋಡಿದ್ದಾರೆ ಅಂತ ಅರ್ಥ. ಕೊಳ್ಳೋವಾಗ ನಾನಂತೂ ಇದನ್ನ ನೋಡ್ತೀನಿ.

ಮೇಲಿನ ಮನೆ ಆಂಟಿ, ಅಂಕಲ್ಲಿಗೆ ಮೊದಲೇ ಹೋಗಿ ಕೇಳಿ, ವೈನ್ ಇರೋ ಟೇಬಲ್ಲಲ್ಲಿ ಕೂರೋದು ಅವರಿಗೆ ಸರಿಯಾ ಅಂತ. ಕೆಲವರಿಗೆ ಅಭ್ಯಂತರ ಇರಲ್ಲ, ಕೆಲವರಿಗೆ ಇರತ್ತೆ. ಇದ್ರೆ ಬಾಟ್ಲಿಗಳನ್ನ ಹೊರಗೆ ಬ್ರಾಯ್ ಕಡೆ ಇನ್ನೊಂದು ಟೇಬಲ್ಲಿಗೆ ಸಾಗಿಸಿದ್ರೆ ಆಯ್ತು. ಬೂರವೋರ್ಸಲ್ಲಿ ಹಂದಿ ಕೊಬ್ಬು ಹಾಕೋದು ಸಾಮಾನ್ಯ, ಹಾಗಾಗಿ ಅವರಿಗೆ ಹಲಾಲ್ ಅಂಗಡಿಯಿಂದ ಬೇರೆ ತಂದು ಬೇರೆ ಜಾಲರಿ ಮೇಲೆ ಸುಡಿಸಿ, ನಿಮ್ಮ ಮನೆಯವರ ಬದನೆಕಾಯಿ, ಮೆಕ್ಕೆಜೋಳದ ತೆನೆಗೂ ಇನ್ನೊಂದು ಜಾಲರಿ. ಕುಡಿಯೋಕೆ ರೋಯ್‌ಬೋಸ್ ಕಷಾಯ ಗಟ್ಟಿಯಾಗಿ ಕುದಿಸಿ ಆರಿಸಿ ಕಿತ್ತಳೆ ಸಿಪ್ಪೆ, ಚೂರು ಶುಂಠಿ ಹಾಕಿ ಫ್ರಿಜ್ಜಲ್ಲಿಟ್ಟು ವೈನ್ ಗ್ಲಾಸಲ್ಲೇ ಕೊಡಿ. ಸೀಡರ್‌ಬರ್ಗ್ ಬೆಟ್ಟದ ಗಿಡ ಅದು, ಟೀ ಎಲೆಗಿಂತ ಒಗರು ಬಹಳ ಕಮ್ಮಿ, ಹಾಗಾಗಿ ಬಬೂಟಿ ಜೊತೆ ನಿಜವಾಗ್ಲೂ ಹೊಂದತ್ತೆ.

ಕಡೆಗೆ ಮಾಲ್ವಾ ಪುಡಿಂಗ್. ಏಪ್ರಿಕಾಟ್ ಜಾಮ್ ಹಾಕಿದ ಕೇಕಿನ ಮೇಲೆ ಬಿಸಿ ಕೆನೆ ಪಾಕ ಸುರಿದಿರ್ತಾರೆ, ಬಹಳ ಸಿಹಿ. ಸಿಹಿ ತಿಂಡಿ ಜೊತೆ ವೈನ್ ಕೊಡೋದಾದ್ರೆ ವೈನು ತಿಂಡಿಗಿಂತ ಸಿಹಿ ಇರಲೇಬೇಕು, ಇಲ್ದಿದ್ರೆ ನೀರು ಹುಳಿ. ಅಲ್ಲಿ ಹಾನಪೂಟ್ ಅಂತ ಒಂದು ಮಸ್ಕಟ್ ದ್ರಾಕ್ಷಿ ಇದೆ, ಅದರ ಸಿಹಿ ವೈನ್ ಒಂದು ಬಾಟ್ಲಿ ತನ್ನಿ, ಆಲ್ಕೋಹಾಲ್ ಜಾಸ್ತಿ ಇರತ್ತೆ, ಹಾಗಾಗಿ ಒಬ್ಬೊಬ್ಬರಿಗೆ 50 ಮಿ.ಲೀ. ಸಾಕು. ಕಾನ್‌ಸ್ಟಾನ್ಷಿಯಾದ ಮಸ್ಕಟ್ ಸಿಹಿ ವೈನನ್ನ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನೂ ತರಿಸ್ಕೊಂಡು ಕುಡೀತಿದ್ದ, ಆದ್ರೆ ಅದರ ಬೆಲೆ ಹತ್ತು ಜನದ ಊಟಕ್ಕೆ ಬೇಡ.

ಆ ರಾತ್ರಿ ತೆಗೆದ ಬಾಟ್ಲೀಲಿ ಏನಾದ್ರೂ ಉಳಿದ್ರೆ ಬಿರಡೆ ಗಟ್ಟಿಯಾಗಿ ಒತ್ತಿ ರೆಡ್ ಆದ್ರೂ ಸರಿ ಫ್ರಿಜ್ಜಲ್ಲೇ ಇಡಿ, ಮೂರು ದಿನ ಚೆನ್ನಾಗಿರತ್ತೆ. ಕ್ಯಾಬರ್ನೆ ಉಳಿದಿದ್ರೆ ಮಾರನೇ ದಿನ ಬಾಜೂ ಮನೆ ಅಂಕಲ್ಲಿಗೇ ಕೊಟ್ಬಿಡಿ, ಅವರು ಮೂರು ಕಾಲಿನ ಕಬ್ಬಿಣದ ಪಾತ್ರೇಲಿ ಕುರಿ ಮಾಂಸ ಬೇಯಿಸೋವಾಗ ಅದನ್ನ ಸುರೀತಾರೆ, ಆ ಪೊಯ್ಕಿಯ ಒಂದು ಬಟ್ಟಲು ನಿಮಗೂ ಬರತ್ತೆ.